ಗಟ್ಟಿಮೇಳ ಮುಗಿಯುವವರೆಗೆ

ಆ ಕಾಲದ ಮದುವೆಗಳಲ್ಲಿ ನಮ್ಮಂಥ ಮಕ್ಕಳಿಗೆ ಮದುಮಗ, ಮದುಮಗಳು ಯಾವ ಲೆಕ್ಕಕ್ಕೂ ಇರಲಿಲ್ಲ. ಬಾಡಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ, ಛತ್ರದ ಮಹಡಿ ಮೆಟ್ಟಿಲು, ಬಾಗಿಲಲ್ಲಿ ನಿಂತು ಪನ್ನೀರು ಎರಚುವವರು ಯಾರು ಎಂಬ ಜಗಳ, ಹಿತ್ತಲಿನ ದೊಡ್ಡ ಒಲೆಗಳಿಂದ ಬರುತ್ತಿದ್ದ ಬೇಳೆ ಬೇಯುವ ವಾಸನೆ, ಇವಿಷ್ಟೇ ಮದುವೆ. ಮೊಬೈಲು ಆಗಿನ್ನೂ ದೊಡ್ಡವರ ಕೈಗೇ ಸರಿಯಾಗಿ ಬಂದಿರಲಿಲ್ಲ. ಮಕ್ಕಳನ್ನು ಒಂದು ಕಡೆ ಹಿಡಿದು ಕೂರಿಸಬೇಕೆಂದರೆ ಯಾರಾದರೊಬ್ಬರು ಅವರ ಜೊತೆ ನೆಲದ ಮೇಲೆ ಕೂರಲೇಬೇಕಿತ್ತು. ನಮ್ಮ ಕಡೆಯ ಎಲ್ಲ ಮದುವೆಗಳಲ್ಲೂ ಆ ಕೆಲಸ ಕೆಂಪತ್ತೆಯದು.

ಕೆಂಪತ್ತೆ ಅಪ್ಪನ ತಂಗಿ. ನಮ್ಮೂರು ಕಟ್ಟಾಯ, ಅವಳನ್ನು ಸಾಲಗಾಮೆಗೆ ಕೊಟ್ಟಿದ್ದರು. ಮದುವೆಯಾದ ಆರನೇ ವರ್ಷಕ್ಕೆ ಅವಳ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ತವರಿಗೆ ಬಂದುಬಿಡು ಎಂದರೂ ಕೇಳದೆ ಅಲ್ಲೇ ಉಳಿದು, ಗಂಡನ ಪಾಲಿನ ಜಮೀನಿನಲ್ಲಿ ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದಳು. ಮದುವೆಮನೆ ಎಂದರೆ ನಾಲ್ಕು ದಿನ ಮುಂಚೆ ಬಂದು ಅಕ್ಕಿ ಆರಿಸುವುದರಿಂದ ಹಿಡಿದು ಎಲ್ಲದಕ್ಕೂ ಅವಳೇ ಬೇಕು. ಮುಹೂರ್ತದ ಹೊತ್ತಿಗೆ ಮಾತ್ರ ಅವಳು ಹಸೆಮಣೆಯ ಮುಂದೆ ನಿಲ್ಲುವ ಹಾಗಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಕೆಂಪಿ, ಐಕ್ಳ ಒಸಿ ನೋಡ್ಕೊ' ಎಂದರೆ ಸಾಕಿತ್ತು, ಅವಳು ಕೈ ಒರೆಸಿಕೊಂಡು ಎದ್ದುಬಿಡುತ್ತಿದ್ದಳು. ಅತ್ತೆಗೆ ಮಕ್ಕಳೆಂದರೆ ಪ್ರಾಣ, ಅದಕ್ಕೇ ತಾಳಿ ಕಟ್ಟುವುದನ್ನೂ ನೋಡದೆ ನಮ್ಮ ಜೊತೆ ಇರುತ್ತಾಳೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಅವಳ ಹತ್ತಿರ ಹಳೇ ರವಿಕೆ ಬಟ್ಟೆಯಲ್ಲಿ ಹೊಲಿದ ಒಂದು ಚೀಲವಿತ್ತು. ಅದರಲ್ಲಿ ಬಳೆಚೂರು, ಕವಡೆ, ಸೀಮೆಸುಣ್ಣದ ತುಂಡುಗಳು, ಎರಡು ಹಿಡಿ ಹುಣಸೆಬೀಜ. ಕೆಲವು ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದ್ದಳು. ಅವು ಚೌಕಾಬಾರದ ದಾಳ. ಇಡೀ ಬೀಜಗಳು ಸರಿಬೆಸಕ್ಕೆ. ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಸರಿಯೋ ಬೆಸವೋ ಎಂದು ಕೇಳಿದರೆ ಎದುರಿನವರು ಹೇಳಬೇಕು. ಚೀಲ ಬಿಚ್ಚುವ ಮುಂಚೆ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: ಸಣ್ಣವರ ಕೈಗೆ ಬೀಜ ಕೊಡಬಾರದು. ಸಣ್ಣವರಿಗೆ ಬಳೆಚೂರೂ ಇಲ್ಲ, ಬೀಜವೂ ಇಲ್ಲ. ಅವರಿಗೆ ಅವಳ ಮಡಿಲು ಮತ್ತು ಕಥೆ.

ನಾನು ಹೇಳಬೇಕಾದ ಮದುವೆ ದೊಡ್ಡಪ್ಪನ ಮಗಳು ಭಾಗ್ಯಕ್ಕನದು. ನನಗೆ ಹನ್ನೊಂದು ವರ್ಷ, ನನ್ನ ತಮ್ಮ ಮಧುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಗಂಡಿನವರ ಊರು ಕೊಣನೂರು, ಮದುವೆ ಅಲ್ಲಿನ ಒಂದು ಛತ್ರದಲ್ಲಿ. ಬಸ್ಸು ಅರಕಲಗೂಡು ದಾಟುವ ಹೊತ್ತಿಗೆ ಮೂವರು ಹುಡುಗರು ವಾಂತಿ ಮಾಡಿಕೊಂಡಿದ್ದರು. ಉಳಿದವರು ಕಿಟಕಿಗಾಗಿ ಹೊಡೆದಾಡುತ್ತಿದ್ದರು. ಮಧು ಅಮ್ಮನ ಹೊಸ ರೇಷ್ಮೆ ಸೀರೆಯ ಸೆರಗನ್ನು ಚೀಪಿ ಚೀಪಿ ಒದ್ದೆ ಮಾಡಿದ್ದ.

ಬೆಳಿಗ್ಗೆ ಉಪ್ಪಿಟ್ಟು, ಕೇಸರಿಬಾತು ತಿಂದ ಮೇಲೆ ದೊಡ್ಡಪ್ಪ ನಮ್ಮನ್ನೆಲ್ಲ ಕೋಳಿಮರಿಗಳ ಹಾಗೆ ಅಟ್ಟಿಕೊಂಡು ಹೋಗಿ ಉಗ್ರಾಣಕ್ಕೆ ಸೇರಿಸಿದರು. ಸಾಮಾನು ಇಡುವ ಕೋಣೆ ಅದು. ಹಜಾರದ ಹಿಂಬದಿಗೆ, ಊಟದ ಮನೆಗೆ ಹೋಗುವ ಓಣಿಯಲ್ಲಿತ್ತು. ಒಳಗೆ ತೆಂಗಿನಕಾಯಿ ಮೂಟೆ, ಬೆಲ್ಲದ ಪೆಟ್ಟಿಗೆ, ಎಣ್ಣೆ ಡಬ್ಬ, ಗೋಡೆಗೆ ಒರಗಿಸಿಟ್ಟ ಬಾಳೆಗೊನೆಗಳು. ಕೈಗೆಟುಕದಷ್ಟು ಎತ್ತರದಲ್ಲಿ ಕಂಬಿ ಹಾಕಿದ ಒಂದು ಸಣ್ಣ ಕಿಟಕಿ. ಬಾಳೆಹಣ್ಣು, ಬೆಲ್ಲ, ಗೋಣಿಚೀಲ ಮೂರೂ ಬೆರೆತ ಆ ವಾಸನೆ ಇವತ್ತಿಗೂ ಯಾವುದಾದರೂ ದಿನಸಿ ಅಂಗಡಿಯಲ್ಲಿ ಸಿಕ್ಕರೆ ನಾನು ಸಾಮಾನು ತಗೊಳ್ಳದೆ ಹೊರಗೆ ಬಂದುಬಿಡುತ್ತೇನೆ.

ಹಿಂದಿನ ತಿಂಗಳು ನೆಂಟರ ಇನ್ನೊಂದು ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಯಲ್ಲಿ ಯಾವುದೋ ಮಗು ಕಿರುಚಿಕೊಂಡಿತ್ತಂತೆ. ಅಪಶಕುನ ಎಂದು ಗಂಡಿನವರು ಮುಖ ಊದಿಸಿಕೊಂಡಿದ್ದರಂತೆ. ಅಂಥದ್ದು ಕಿವಿಗೆ ಬೀಳಬಾರದು ಎಂದೇ ಅಲ್ಲವೇ ಗಟ್ಟಿಮೇಳ ಇರುವುದು? ಪುರೋಹಿತರು ಕೈ ಎತ್ತಿದ ಕೂಡಲೇ ವಾಲಗದವರು ಇದ್ದ ಉಸಿರನ್ನೆಲ್ಲ ಹಾಕಿ ಊದುತ್ತಾರೆ, ಡೋಲು ಬಡಿಯುತ್ತಾರೆ. ಸೀನು, ಕೆಮ್ಮು, ಅಳು ಯಾವುದೂ ಆ ಸದ್ದಿನೊಳಗೆ ಕೇಳುವುದಿಲ್ಲ. ದೊಡ್ಡಪ್ಪನಿಗೆ ಅದೂ ಸಾಲದಾಗಿತ್ತು. ಹೆಣ್ಣಿನ ತಂದೆ ಅವರು, ಹೆದರಿದ್ದರು. ಬಾಗಿಲಲ್ಲಿ ನಿಂತು ಬೆರಳು ತೋರಿಸಿದರು.

"ಲೇ ಐಕ್ಳಾ, ಗಟ್ಟಿಮೇಳ ಮುಗಿಯೋಗಂಟ ಪಿಟ್ ಅನ್ಕೂಡ್ದು. ಅತ್ತಿದ್ದು ಕೇಳುಸ್ತೋ, ಒಬ್ಬರ್ಗೂ ಲಾಡು ಇಲ್ಲ."

ಅವರು ಹೊರಗಿನಿಂದ ಚಿಲಕಕ್ಕೆ ಕೈ ಹಾಕಿದ್ದನ್ನು ನೋಡಿ ಅತ್ತೆ ಎದ್ದು ನಿಂತಳು. "ಚಿಲಕ ಯಾಕಣ್ಣ, ನಾನಿಲ್ವಾ?"

"ನೀನಿರ್ತೀಯ ಕಣೆ ಕೆಂಪಿ. ಈ ಕೋತಿಗಳು ಇರ್ಬೇಕಲ್ಲ."

ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು. ಅತ್ತೆ ಒಂದು ಗಳಿಗೆ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನಮ್ಮ ಕಡೆ ತಿರುಗಿ, ಈಗ ನಾವೆಲ್ಲ ರಾಜನ ಸೆರೆಮನೆಯಲ್ಲಿದ್ದೇವೆ, ಸದ್ದು ಮಾಡಿದವರನ್ನು ಮೊದಲು ನೇಣಿಗೆ ಹಾಕುತ್ತಾರೆ ಎಂದು ಪಿಸುಗುಟ್ಟಿದಳು. ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ದೊಡ್ಡವರನ್ನು ಕೂರಿಸಿದಳು. ಸಣ್ಣವರನ್ನೆಲ್ಲ ತೆಂಗಿನಕಾಯಿ ಮೂಟೆಗಳ ಹತ್ತಿರ ಕರೆದುಕೊಂಡು ಹೋಗಿ ಕಥೆ ಶುರು ಮಾಡಿದಳು. ಮಧು ಮಾತ್ರ ಅವಳ ಹತ್ತಿರ ಹೋಗಲಿಲ್ಲ. ಅಮ್ಮ ಬೇಕು ಎನ್ನುತ್ತ ನನ್ನ ಲಂಗ ಹಿಡಿದುಕೊಂಡು ಕೂತ.

ನನ್ನ ಎದುರಿಗೆ ಆಡುತ್ತಿದ್ದವನು ಅರಕಲಗೂಡಿನ ಚಿಕ್ಕಮ್ಮನ ಮಗ ರವಿ, ನನಗಿಂತ ಒಂದು ವರ್ಷ ದೊಡ್ಡವನು. ಯಾವ ಮದುವೆಯಲ್ಲೂ ನಾನು ಅವನನ್ನು ಗೆದ್ದಿರಲಿಲ್ಲ. ಅವತ್ತು ನನ್ನ ಮೂರು ಕಾಯಿ ಹಣ್ಣಾಗಿ, ಕೊನೆಯದು ಒಳಮನೆಯ ಬಾಗಿಲಲ್ಲಿತ್ತು. "ಸೋತ್ಬುಟ್ಟು ಅಳ್ಬೇಡ ಕಣಮ್ಮಿ" ಎಂದು ಅವನು ಕೆಣಕುತ್ತಲೇ ಇದ್ದ. ಆದರೆ ಅವನ ಕಿವಿ ಕೆಂಪಾಗಿತ್ತು. ಮಧು ಗೊಣಗುತ್ತಿದ್ದವನು ರಾಗ ತೆಗೆಯಲು ಶುರು ಮಾಡಿದ. ಅತ್ತೆ ಅಲ್ಲಿಂದಲೇ, ಬಾ ಮಗ ಇಲ್ಲಿ ಎಂದು ಕೈಚಾಚಿದಳು. ಅವನನ್ನು ಎತ್ತಿಕೊಂಡು ಹೋಗಿ ಅವಳ ಮಡಿಲಿಗೆ ಹಾಕಲು ನಾಲ್ಕು ಹೆಜ್ಜೆ ಸಾಕಿತ್ತು. ಎದ್ದರೆ ರವಿ ಕಾಯಿ ಸರಿಸುತ್ತಾನೆ ಎಂದು ನಾನು ಏಳಲಿಲ್ಲ. ಪಕ್ಕದಲ್ಲಿದ್ದ ಸರಿಬೆಸದ ರಾಶಿಯಿಂದ ಒಂದಿಷ್ಟು ಹುಣಸೆಬೀಜ ಬಾಚಿ, ಎರಡನ್ನು ಮಧುವಿನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿದೆ. ಅವನು ಸುಮ್ಮನಾದ.

ಎಷ್ಟು ಹೊತ್ತಾಗಿತ್ತೋ ತಿಳಿಯದು. ನಾನು ದಾಳ ಹಾಕಿ ತಲೆ ಎತ್ತಿದಾಗ ಮಧು ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆದಿತ್ತು. ಅಳುವವರ ಮುಖದ ಹಾಗೆಯೇ ಇತ್ತು, ಆದರೆ ಸದ್ದು ಬರುತ್ತಿರಲಿಲ್ಲ. ಕೈಗಳು ಕತ್ತಿನ ಹತ್ತಿರ ಹೋಗಿ ಹೋಗಿ ಕೆಳಗೆ ಬೀಳುತ್ತಿದ್ದವು. ನೋಡುತ್ತಿದ್ದ ಹಾಗೆಯೇ ತುಟಿಯ ಬಣ್ಣ ಬದಲಾಯಿತು.

ಅತ್ತೆ ಎಂದು ಕರೆದೆ. ಕರೆದದ್ದು ನನಗೇ ಕೇಳಲಿಲ್ಲ. ಹಜಾರದಲ್ಲಿ ಗಟ್ಟಿಮೇಳ ಎದ್ದಿತ್ತು.

ಆ ಸದ್ದು ಬಾಗಿಲು, ಗೋಡೆ, ಎಣ್ಣೆ ಡಬ್ಬಗಳನ್ನೆಲ್ಲ ಅದುರಿಸುತ್ತಿತ್ತು. ಅತ್ತೆ ನನ್ನ ಮುಖ ನೋಡಿಯೇ ಓಡಿಬಂದಳು. ಮಧುವನ್ನು ಎತ್ತಿಕೊಂಡು ಮೊದಲು ಹೋದದ್ದು ಬಾಗಿಲಿಗೆ. ಒಂದು ಕೈಯಲ್ಲಿ ಬಡಿದಳು, ಕಾಲಿನಲ್ಲಿ ಒದ್ದಳು, ಅಣ್ಣಾ ಎಂದು ಕೂಗಿದಳು. ಬಾಗಿಲಿಗೆ ಚಿಲಕ ಹಾಕಿದ್ದ ಅಣ್ಣ ಆಗ ಮಂಟಪದ ಮೇಲೆ ಮಗಳ ಪಕ್ಕದಲ್ಲಿದ್ದರು. ಅಡುಗೆಯವರೂ ಸೌಟು ಕೆಳಗಿಟ್ಟು ಅಕ್ಷತೆ ಹಾಕಲು ಹಜಾರಕ್ಕೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಹಿಂಬದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಇರಲಿಲ್ಲ ಎಂದು ಹೇಳುವಂತೆಯೂ ಇಲ್ಲ. ಒಬ್ಬರಿದ್ದರು.

ಅತ್ತೆ ಬಾಗಿಲು ಬಿಟ್ಟು ಮಧುವನ್ನು ಕೆಳಗಿಳಿಸಿದಳು. ನಾನು ಒಂದು ತೆಂಗಿನಕಾಯಿ ತಗೊಂಡು ಬಾಗಿಲಿಗೆ ಬಡಿಯತೊಡಗಿದೆ. ಬಾಗಿಲಿನ ಕೆಳಗೆ ಒಂದು ಗೇಣಿಗಿಂತ ಕಡಿಮೆ ಸಂದಿ ಇತ್ತು. ಅಲ್ಲಿ ಎರಡು ಬರಿಗಾಲು, ಹಸಿರು ಅಂಚಿನ ಪಂಚೆ ಕಂಡವು. ನೆಲಕ್ಕೆ ಬಗ್ಗಿ, ಬಾಗಿಲು ತೆಗೀರಿ ಎಂದು ಆ ಕಾಲುಗಳಿಗೆ ಕಿರುಚಿದೆ. ಮೇಲಿನಿಂದ, ಬಾಗಿಲಿಗೇ ಬಾಯಿಟ್ಟು ಕೂಗಿದ ಹಾಗೆ, ಒಂದು ಗಂಡು ದನಿ ಬಂತು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ನಗುವೇ ಇತ್ತು.

"ಸುಮ್ಕಿರ್ರಲಾ. ತಾಳಿ ಕಟ್ತಾವ್ರೆ. ಇನ್ನೊಂದ್ ಗಳಿಗೆ."

ಕಾಲುಗಳು ತಿರುಗಿ ಹಜಾರದ ಕಡೆ ಹೋದವು.

ಆ ದನಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಟ್ಟವರಾಗಿರಲಾರರು. ಮಕ್ಕಳು ಹೊರಗೆ ಬಿಡಿ ಎಂದು ಗಲಾಟೆ ಮಾಡುತ್ತಿವೆ ಎಂದುಕೊಂಡಿರಬೇಕು. ಆಮೇಲಿನ ವರ್ಷಗಳಲ್ಲಿ ನೆಂಟರ ಮನೆಗಳಲ್ಲಿ ಹಸಿರಂಚಿನ ಪಂಚೆ ಉಟ್ಟವರನ್ನು ಕಂಡರೆ ಅವರ ಪಾದ ನೋಡುತ್ತಿದ್ದೆ.

ತಿರುಗಿದಾಗ ಅತ್ತೆ ಮೂಟೆಯ ಮೇಲೆ ಕೂತು ಮಧುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದಳು. ತಲೆ ಕೆಳಗೆ ನೇತಾಡುತ್ತಿತ್ತು. ಬೆನ್ನಿಗೆ ಅಂಗೈಯಿಂದ ಹೊಡೆಯುತ್ತಿದ್ದಳು. ಅಷ್ಟು ಜೋರಾಗಿ ಯಾರೂ ಮಕ್ಕಳನ್ನು ಹೊಡೆದದ್ದನ್ನು ನಾನು ನೋಡಿರಲಿಲ್ಲ. ಸಣ್ಣವರೆಲ್ಲ ಬಾಳೆಗೊನೆಗಳ ಹಿಂದೆ ಸೇರಿಕೊಂಡಿದ್ದರು. ರವಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಅತ್ತೆ ಮಧುವನ್ನು ಅಂಗಾತ ತಿರುಗಿಸಿ ಬಾಯೊಳಗೆ ಬೆರಳು ಹಾಕಿದಳು, ಮತ್ತೆ ಬೋರಲು ಹಾಕಿದಳು, ಮತ್ತೆ ಹೊಡೆದಳು. ಅವನ ಕೈ ಒಂದು ಕಡೆ ಜೋತುಬಿದ್ದಿತ್ತು. ಅದು ಅಲ್ಲಾಡದೇ ಇದ್ದದ್ದು ನನಗೆ ಕಾಣುತ್ತಿತ್ತು. ಹೊರಗೆ ಡೋಲು ಇನ್ನೂ ಜೋರಾಯಿತು. ಅಷ್ಟು ಹೊತ್ತು ಯಾವ ಗಟ್ಟಿಮೇಳವೂ ನಡೆಯುವುದಿಲ್ಲ ಎಂದು ಈಗ ಗೊತ್ತು. ಅವತ್ತು ಮಾತ್ರ ಅದು ಮುಗಿಯಲೇ ಇಲ್ಲ.

ಬೀಜ ಬಂದದ್ದು ಗೊತ್ತಾಗಲಿಲ್ಲ. ಅವನ ಬೆನ್ನು ಒಮ್ಮೆ ಬಿಲ್ಲಿನ ಹಾಗೆ ಬಾಗಿತು, ಅತ್ತೆ ಬೆರಳು ಹಾಕಿ ಎಳೆದಳು, ಎಂಜಲಿನ ಜೊತೆ ಏನೋ ನೆಲಕ್ಕೆ ಬಿತ್ತು. ಅವನು ಅವಳ ಬೆರಳನ್ನು ಕಚ್ಚಿಹಿಡಿದಿದ್ದ. ಆಗಲೇ ಹೊರಗೆ ವಾಲಗ ನಿಂತಿತು. ಆ ನಿಶ್ಶಬ್ದದೊಳಗೆ, ಇಡೀ ಛತ್ರಕ್ಕೆ ಕೇಳುವ ಹಾಗೆ, ಮಧು ಅತ್ತ.

ಅದಕ್ಕಿಂತ ಚೆನ್ನಾದ ಸದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಹೊರಗಿನವರಿಗೆ ಅದು, ಮಾಂಗಲ್ಯ ಕಟ್ಟಿದ ಕೂಡಲೇ ಕೇಳಿದ ಮೊದಲ ಸದ್ದು.

ಯಾರೋ ಓಡಿಬರುತ್ತಿದ್ದರು. ಅತ್ತೆ ನನ್ನ ಕೈ ನೋಡಿದಳು. ನಾನೂ ನೋಡಿಕೊಂಡೆ. ಎಡಗೈಯಲ್ಲಿ ಇನ್ನೂ ನಾಲ್ಕೈದು ಹುಣಸೆಬೀಜ ಹಾಗೇ ಇದ್ದವು, ಬೆವರಿಗೆ ಅಂಟಿಕೊಂಡಿದ್ದವು. ಅವಳು ನನ್ನ ಬೆರಳು ಬಿಡಿಸಿ ಬೀಜಗಳನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

"ನೀ ಏನೂ ಯೋಳ್ಬೇಡ ಕಣವ್ವ. ನಿಂಗೇನೂ ಗೊತ್ತಿಲ್ಲ."

ಚಿಲಕ ತೆಗೆದವರು ದೊಡ್ಡಮ್ಮ. ತಲೆಯಲ್ಲಿ ಅಕ್ಷತೆಯ ಕಾಳುಗಳಿದ್ದವು. ಹಿಂದೆಯೇ ಅಮ್ಮ ಬಂದಳು. ಮಧುವಿನ ಬಾಯಲ್ಲಿ ರಕ್ತ, ಅತ್ತೆಯ ಬೆರಳಲ್ಲಿ ರಕ್ತ, ನೆಲದ ಮೇಲೆ ಬೀಜ. ಅಮ್ಮ ಮಗುವನ್ನು ಕಿತ್ತುಕೊಂಡಳು. ಏನಾಯಿತೆಂದು ಕೇಳಿದ್ದಕ್ಕೆ ಅತ್ತೆ, ನನ್ನ ಬೀಜ, ನನ್ನ ಕಣ್ಣು ತಪ್ಪಿತು ಎಂದಳು. ಉಸಿರು ನಿಂತಿತ್ತೆಂದು ಹೇಳಲಿಲ್ಲ. ಬಾಗಿಲು ಬಡಿದೆವೆಂದೂ ಹೇಳಲಿಲ್ಲ. ಮಗು ದೊಡ್ಡ ದನಿಯಲ್ಲಿ ಅಳುತ್ತಿತ್ತು, ಕೆನ್ನೆ ಕೆಂಪಾಗಿತ್ತು. ಅದು ಸಾಯುವ ಹಾಗಿತ್ತು ಎಂದರೆ ನಂಬುವವರೂ ಇರಲಿಲ್ಲ. ದೊಡ್ಡಮ್ಮ ಗಂಡಿನವರಿಗೆ ಕೇಳದ ಹಾಗೆ, ಹಲ್ಲು ಕಚ್ಚಿಕೊಂಡು ಅಂದಳು:

"ನಿನ್ನ ಕೈಗೆ ಐಕ್ಳ ಕೊಟ್ಟಿದ್ದೇ ತಪ್ಪಾಯ್ತು ಕಣೆ. ನಿನ್ನ ಹಣೇಲಂತೂ ಇರ್ಲಿಲ್ಲ, ನನ್ನ ಮಗಳ ಮುಹೂರ್ತಕ್ಕೂ ಕಲ್ಲು ಹಾಕ್ಬುಟ್ಟೆ."

ನಾನು ಅಲ್ಲೇ ಇದ್ದೆ. ಬಾಗಿಲು ತೆರೆದಿತ್ತು, ಯಾರೂ ನನ್ನನ್ನು ಹಿಡಿದುಕೊಂಡಿರಲಿಲ್ಲ. ನಾನೇ ಕೊಟ್ಟೆ ಎಂಬ ಎರಡು ಪದ ಹೇಳಲು ನನ್ನಿಂದ ಆಗಲಿಲ್ಲ. ಅತ್ತೆ ಬೇಡ ಎಂದಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಅವಳು ಬೇಡವೆಂದದ್ದು ನನಗೆ ನಿರಾಳವಾಗಿತ್ತು.

ಊಟದಲ್ಲಿ ಎಲೆಗೆ ಲಾಡು ಬಿತ್ತು. ದೊಡ್ಡಪ್ಪ ಯಾರಿಗೂ ತಪ್ಪಿಸಲಿಲ್ಲ. ನಾನು ನನ್ನದನ್ನು ಎಲೆಯ ತುದಿಗೆ ಸರಿಸಿಟ್ಟೆ. ಅತ್ತೆ ಉಣ್ಣದೆಯೇ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದಳು. ಕೈಗೆ ಬಟ್ಟೆ ಸುತ್ತಿಕೊಂಡು, ಚೀಲ ಕಂಕುಳಲ್ಲಿಟ್ಟುಕೊಂಡು ಛತ್ರದ ಗೇಟು ದಾಟಿದ್ದನ್ನು ನಾನು ಎಲೆಯ ಮುಂದೆ ಕೂತೇ ನೋಡಿದೆ.

ಭಾಗ್ಯಕ್ಕನಿಗೆ ಮೂರು ವರ್ಷ ಮಕ್ಕಳಾಗಲಿಲ್ಲ. ಆ ಮೂರು ವರ್ಷವೂ ಮನೆಯಲ್ಲಿ ಆ ಅಳುವಿನ ಮಾತು ಬರುತ್ತಿತ್ತು, ಅದರ ಜೊತೆಗೆ ಅತ್ತೆಯ ಹೆಸರು ಬರುತ್ತಿತ್ತು. ಆಮೇಲೆ ಭಾಗ್ಯಕ್ಕನಿಗೆ ಇಬ್ಬರು ಮಕ್ಕಳಾದರು, ಚೆನ್ನಾಗಿದ್ದಾಳೆ. ಆದರೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆ ಮದುವೆಗಳಿಗೆ ಬರುವುದನ್ನು ಬಿಟ್ಟಳು. ಕರೆಯೋಲೆ ಹೋಗುತ್ತಿತ್ತು, ಹೊಲದಲ್ಲಿ ಕೆಲಸವಿದೆ, ಹಸು ಈಯುತ್ತದೆ ಎಂಬ ಉತ್ತರ ಬರುತ್ತಿತ್ತು. ಅದು ಎಲ್ಲರಿಗೂ ಅನುಕೂಲವಾಗಿತ್ತು.

ಹಾಸನದಲ್ಲಿ ಕಾಲೇಜು ಓದುವಾಗ ಒಂದು ಶಿಬಿರದಲ್ಲಿ ವೈದ್ಯರೊಬ್ಬರು, ಮಕ್ಕಳ ಗಂಟಲಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಬೊಂಬೆ ಇಟ್ಟುಕೊಂಡು ತೋರಿಸಿದರು. ಬೋರಲು ಹಾಕಿ ಬೆನ್ನಿಗೆ ಹೊಡೆಯುವುದು ಸರಿ. ಕಾಣದೆ ಬೆರಳು ಹಾಕಬಾರದು, ಇನ್ನೂ ಒಳಕ್ಕೆ ಹೋಗಬಹುದು ಎಂದರು. ನಾನು ಎದ್ದು ಹೊರಗೆ ಬಂದೆ. ಅಲ್ಲಿಯವರೆಗೆ ನನ್ನ ನೆನಪಿನಲ್ಲಿ ಬೀಜ ಪ್ರತಿ ಸಲವೂ ಹೊರಗೇ ಬೀಳುತ್ತಿತ್ತು. ಅವತ್ತಿನಿಂದ ಕೆಲವು ಸಲ ಒಳಕ್ಕೆ ಹೋಗತೊಡಗಿತು. ನನ್ನ ಮದುವೆಯಲ್ಲಿ ಗಟ್ಟಿಮೇಳ ಎದ್ದಾಗ ನಾನು ಕತ್ತೆತ್ತಿ ಮಧು ಎಲ್ಲಿದ್ದಾನೆಂದು ಹುಡುಕಿದೆ. ಮದುಮಗಳು ಹಾಗೆ ನೋಡಬಾರದೆಂದು ಯಾರೋ ಹಿಂದಿನಿಂದ ತಲೆ ಬಗ್ಗಿಸಿದರು.

ಹೋದ ವರ್ಷ ಮಧುವಿನ ಮದುವೆ ನಿಶ್ಚಯವಾಯಿತು. ಒಂದು ಮಧ್ಯಾಹ್ನ ನಡುಮನೆಯಲ್ಲಿ ಕೂತು ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದೆವು. ಅಪ್ಪ ಹೆಸರು ಬರೆಯುತ್ತಿದ್ದರು. ಕೆಂಪತ್ತೆಯದನ್ನು ಸಾಲಗಾಮೆ ಕಡೆ ಹೋಗುವವರ ಕೈಲಿ ಕೊಟ್ಟರಾಯಿತು, ಹೇಗೂ ಬರುವುದಿಲ್ಲ ಎಂದಳು ಅಮ್ಮ. ನನ್ನ ಬೆರಳಿನಲ್ಲಿ ಅರಿಶಿನ ಒಣಗುತ್ತಿತ್ತು. ಆಗ ಹೇಳಿದೆ. ಬೀಜ ಕೊಟ್ಟವಳು ನಾನು ಎಂದು, ತುಟಿ ನೀಲಿಯಾದದ್ದು, ಚಿಲಕ, ಬಾಗಿಲ ಕೆಳಗಿನ ಕಾಲುಗಳು, ಎಲ್ಲವನ್ನೂ. ಮಧು ನಕ್ಕ; ಅವನಿಗೆ ಏನೂ ನೆನಪಿಲ್ಲ. ಅಪ್ಪ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಅಮ್ಮ ಇನ್ನೆರಡು ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚಿದಳು.

"ಅವತ್ತೇ ಯೋಳಿದ್ರೆ ನಿಂಗೆ ಎರಡೇಟು ಬೀಳ್ತಿತ್ತು" ಎಂದಳು ಆಮೇಲೆ. "ಅಷ್ಟೇ ಕಣೆ ಆಗ್ತಿದ್ದಿದ್ದು."

ಮಾರನೆಯ ದಿನ ನಾನೂ ಅಮ್ಮನೂ ಸಾಲಗಾಮೆಗೆ ಹೋದೆವು. ಅತ್ತೆಯ ತಲೆ ಪೂರಾ ಬೆಳ್ಳಗಾಗಿತ್ತು. ಅವಳೂ ಅಮ್ಮನೂ ಮೊದಲು ಆಲೂಗಡ್ಡೆಗೆ ಬಿದ್ದ ಅಂಗಮಾರಿ ರೋಗದ ಮಾತಾಡಿದರು, ಮಂಡಿನೋವಿನ ಮಾತಾಡಿದರು. ನಾನು ಹೇಳಿಬಿಟ್ಟೆನೆಂಬುದು ಅಮ್ಮನ ಮುಖದಲ್ಲೇ ಅವಳಿಗೆ ಗೊತ್ತಾಗಿತ್ತೆಂದು ಕಾಣುತ್ತದೆ; ಅದನ್ನು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಅತ್ತೆ ಕೇಳಿದ್ದು ಒಂದೇ: "ಮುಹೂರ್ತದೊತ್ತಲ್ಲಿ ಐಕ್ಳ ನೋಡ್ಕೊಳಕ್ಕೆ ಯಾರವ್ರೆ?"

"ಅದ್ಕೆ ಬೇರೆ ಜನ ಅವ್ರೆ" ಎಂದಳು ಅಮ್ಮ. "ನೀನು ಮುಂದ್ಗಡೆ ಕೂತ್ಕೋಬೇಕು."

ಹೆಣ್ಣಿನ ಊರು ಚನ್ನರಾಯಪಟ್ಟಣ. ಅಲ್ಲಿನ ಕಲ್ಯಾಣಮಂಟಪದಲ್ಲಿ ಮಕ್ಕಳಿಗೆಂದೇ ಒಂದು ಕೋಣೆ. ಗಾಳಿ ತುಂಬಿದ ಜಾರುಬಂಡೆ, ಗೋಡೆಯ ಮೇಲೆ ದೊಡ್ಡ ಟೀವಿ, ಬಣ್ಣದ ಟೋಪಿ ಹಾಕಿದ ಇಬ್ಬರು ಹುಡುಗಿಯರು. ಬಾಗಿಲು ಗಾಜಿನದು, ಹೊರಗೆ ಚಿಲಕವಿಲ್ಲ. ಅದನ್ನು ಹಿಂದಿನ ದಿನವೇ ಹೋಗಿ ನೋಡಿದ್ದೆ. ಅತ್ತೆ ಬಂದವಳು ಚಪ್ಪಲಿ ಬಿಟ್ಟು ನೇರ ಅಲ್ಲಿಗೇ ಹೋದಳು. ರವಿಯ ಮಗಳು, ನನ್ನ ಮಗ, ನೆಂಟರ ಮಕ್ಕಳು, ಎಲ್ಲ ಅಲ್ಲಿದ್ದರು. ಅರ್ಧ ಜನ ಕೈಯಲ್ಲಿದ್ದ ಮೊಬೈಲಿನಿಂದ ತಲೆ ಎತ್ತಲಿಲ್ಲ. ರವಿಯ ಮಗಳು ಎದ್ದುಬಂದು ಬಹಳ ಮರ್ಯಾದೆಯಿಂದ, ಯಾರು ಬೇಕಿತ್ತು ಅಜ್ಜಿ, ಎಂದು ಕೇಳಿದಳು. ನಮ್ಮ ಮನೆತನದ ಅಷ್ಟೂ ಮಕ್ಕಳಿಗೆ ಅವಳ ಕಥೆಗಳು ಗೊತ್ತಿಲ್ಲ, ಅವಳ ಮುಖವೂ ಗೊತ್ತಿಲ್ಲ. ಮಡಿಲಲ್ಲಿ ಒಂದಾದರೊಂದು ಮಗುವಿರದೆ ಇದ್ದ ಕೆಂಪತ್ತೆಯನ್ನು ನಾವು ಯಾರೂ ನೋಡಿರಲಿಲ್ಲ. ಅವಳಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ತಪ್ಪಿಸಿದವಳು ನಾನು.

ಯಾರೂ ಇಲ್ಲ ಕಣವ್ವ, ಸುಮ್ನೆ ಬಂದೆ, ಎಂದು ಆ ಹುಡುಗಿಗೆ ಹೇಳಿ ಅತ್ತೆ ಹೊರಗೆ ಬಂದಳು.

ಅಪ್ಪನೇ ಕೈಹಿಡಿದು ಅವಳನ್ನು ಮೊದಲ ಸಾಲಿಗೆ ಕರೆತಂದರು. ಹಿಂದೆ ಯಾರೋ ಪಿಸುಗುಟ್ಟಿದರು. ಅತ್ತೆ ನನ್ನ ಪಕ್ಕದಲ್ಲಿ, ಕುರ್ಚಿಯ ತುದಿಯಲ್ಲಿ ಕೂತಳು, ಯಾರಾದರೂ ಏಳು ಎಂದರೆ ತಕ್ಷಣ ಏಳುವವಳ ಹಾಗೆ. ಪುರೋಹಿತರು ಕೈ ಎತ್ತಿದರು. ಡೋಲು ಶುರುವಾಯಿತು. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ನೋಯುವಷ್ಟು ಬಿಗಿಯಾಗಿತ್ತು ಆ ಹಿಡಿತ. ಎಲ್ಲರೂ ಎದ್ದು ನಿಂತು ಅಕ್ಷತೆ ಹಾಕುತ್ತ ಮದುಮಗಳ ಕೊರಳನ್ನು ನೋಡುತ್ತಿದ್ದರು. ನಾವಿಬ್ಬರು ನೋಡುತ್ತಿದ್ದದ್ದು ಮದುಮಗನ ಕೊರಳನ್ನು. ಅವನು ಬಗ್ಗಿ ಗಂಟು ಹಾಕುತ್ತಿದ್ದ. ಗಂಟಲು ಒಮ್ಮೆ ಏರಿತು, ಇಳಿಯಿತು.